ಒಂಬತ್ತನೇ ತರಗತಿಯ ಇತಿಹಾಸ ಪಾಠದ ಬಗ್ಗೆ

ಪ್ರಿಯ ಪೋಷಕರೇ,

ನಮಸ್ಕಾರ. ಮುಂದಿನ ವಾರದಿಂದ ಒಂಬತ್ತನೇ ತರಗತಿಗೆ ನರಮೇಧಗಳ ಇತಿಹಾಸ ಶುರುವಾಗುತ್ತದೆ. ಸುದ್ದಿ ತಿಳಿದ ಕೂಡಲೇ ಮೂರ್ನಾಲ್ಕು ಜನ ಫೋನ್ ಮಾಡಿದ್ದೀರಿ. "ಈ ವಯಸ್ಸಿಗೆ ಇದೆಲ್ಲ ಬೇಕಾ ಮೇಡಂ?" ಅಂತ. ಕೇಳಬೇಕಾದ ಪ್ರಶ್ನೆಯೇ. ಎಲ್ಲರಿಗೂ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ.

ಬೇಕು. ಯಾಕೆಂದರೆ ಇದರಲ್ಲಿ ಶಾಲೆಗಳ ಪಾಲೂ ಇದೆ. ಆಫ್ರಿಕಾದ ರುವಾಂಡಾದಲ್ಲಿ 1994ರಲ್ಲಿ ನೂರು ದಿನಗಳಲ್ಲಿ ಸುಮಾರು ಎಂಟು ಲಕ್ಷ ಜನರ ಕೊಲೆಯಾಯಿತು, ಹೆಚ್ಚಿನವರು ಅಲ್ಪಸಂಖ್ಯಾತ ಟುಟ್ಸಿ ಸಮುದಾಯದವರು, ಕೊಂದವರು ಬಹುಸಂಖ್ಯಾತ ಹುಟು ಸಮುದಾಯದ ಉಗ್ರವಾದಿಗಳು. ಅದಕ್ಕೆ ಎಷ್ಟೋ ವರ್ಷ ಮೊದಲೇ ಅಲ್ಲಿನ ತರಗತಿಗಳಲ್ಲಿ ಮೇಷ್ಟ್ರು "ಹುಟುಗಳು ಎದ್ದು ನಿಲ್ಲಿ, ಈಗ ಟುಟ್ಸಿಗಳು ನಿಲ್ಲಿ" ಅನ್ನುತ್ತಿದ್ದರು. ತಾವು ಯಾವ ಕಡೆಯವರು ಅಂತ ಕೆಲವು ಮಕ್ಕಳಿಗೆ ಗೊತ್ತಾಗಿದ್ದೇ ಅವತ್ತು. ಇಷ್ಟು ವರ್ಷ ಹಾಜರಿ ಕರೆದಿರುವ ನನಗೆ ಹೆಣಗಳ ಲೆಕ್ಕಕ್ಕಿಂತ ಇದೇ ಜಾಸ್ತಿ ಕಾಡುತ್ತದೆ.

ನರಮೇಧ ಮುಗಿದ ಮೇಲೆ ಅದರ ಬಗ್ಗೆ ಮಕ್ಕಳಿಗೆ ಏನು ಕಲಿಸುವುದು ಅನ್ನುವುದು ಇನ್ನೊಂದು ತಲೆನೋವು. ರುವಾಂಡಾದ ಶಾಲೆಗಳಲ್ಲಿ ವರ್ಷಗಟ್ಟಲೆ ದೇಶದ ಇತಿಹಾಸದ ಪಾಠವನ್ನೇ ನಿಲ್ಲಿಸಿದ್ದರು. ಕಾಂಬೋಡಿಯಾದಲ್ಲಿ 1975ರಿಂದ 1979ರವರೆಗೆ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ ಸರ್ವಾಧಿಕಾರಿ ಪೋಲ್ ಪಾಟ್ ಆಳ್ವಿಕೆ ಇತ್ತು. ಆಗ ರಾಜಧಾನಿಯ ಒಂದು ಹೈಸ್ಕೂಲನ್ನೇ ಜೈಲು ಮಾಡಿಕೊಂಡಿದ್ದರು, ಆದರೂ ಬಹಳ ಕಾಲ ಪಠ್ಯಪುಸ್ತಕದಲ್ಲಿ ಆ ಬಗ್ಗೆ ಹೆಚ್ಚೇನೂ ಇರಲಿಲ್ಲ, ಅಪ್ಪ ಅಮ್ಮ ಆ ಕಾಲದ ಹಸಿವಿನ ಕಥೆ ಹೇಳಿದರೆ ಮಕ್ಕಳೇ ನಂಬುತ್ತಿರಲಿಲ್ಲ. 1915ರಲ್ಲಿ ಆಗಿನ ಒಟ್ಟೋಮನ್ (ತುರ್ಕಿ) ಸಾಮ್ರಾಜ್ಯದಲ್ಲಿ ನಡೆದ ಅರ್ಮೇನಿಯನ್ನರ ಸಾಮೂಹಿಕ ಕೊಲೆಯನ್ನು ಟರ್ಕಿ ಸರ್ಕಾರ ಇವತ್ತಿಗೂ ನರಮೇಧ ಎಂದು ಒಪ್ಪುವುದಿಲ್ಲ. ಗಡಿಯಾಚೆ ಅರ್ಮೇನಿಯಾದ ಮಕ್ಕಳು ಅದನ್ನು ನರಮೇಧ ಎಂದೇ ಓದುತ್ತಾರೆ. ಜರ್ಮನಿಯಲ್ಲಂತೂ ನಾಜಿಗಳ ಕಾಲದವರ ಮರಿಮೊಮ್ಮಕ್ಕಳೇ ನಾಜಿಗಳು ಯಹೂದಿಗಳನ್ನು ಕೊಂದದ್ದನ್ನೆಲ್ಲ ಓದುತ್ತಾರೆ, ಅವರನ್ನು ಕೂಡಿಹಾಕಿದ ಶಿಬಿರಗಳಿಗೂ ಹೋಗಿ ನೋಡುತ್ತಾರೆ. ಈ ವ್ಯತ್ಯಾಸವೂ ನಮ್ಮ ಪಾಠದ ಭಾಗವೇ.

ಇನ್ನು ನಿಮ್ಮ ಭಯದ ವಿಷಯ. ಹೆಣದ ರಾಶಿಯ ಫೋಟೋ ತೋರಿಸುವುದಿಲ್ಲ. ಹಿಂದೆ ಒಮ್ಮೆ ನಾನೇ ತೋರಿಸಿದ್ದೆ, ಕಣ್ಣು ತೆರೆಯಲಿ ಅಂತ. ಇಬ್ಬರು ಮಕ್ಕಳಿಗೆ ಎಷ್ಟೋ ರಾತ್ರಿ ನಿದ್ದೆ ಇರಲಿಲ್ಲ, ಉಳಿದವರಿಗೆ ಪಾಠವೂ ನೆನಪಿರಲಿಲ್ಲ. "ನೀನು ಕೈದಿ, ನೀನು ಕಾವಲುಗಾರ" ಅಂತ ನಾಟಕ ಮಾಡಿಸುವುದೂ ಇಲ್ಲ. ಸುಮ್ನೆ ಒಂದು ಗುರುತಿನ ಚೀಟಿಯಿಂದ ಶುರು ಮಾಡುತ್ತೇವೆ. 1930ರ ದಶಕದಲ್ಲಿ ಬೆಲ್ಜಿಯಂನವರು ರುವಾಂಡಾದಲ್ಲಿ ತಂದದ್ದು, ಅದರಲ್ಲಿ ಹುಟು, ಟುಟ್ಸಿ ಅಂತ ಬರೆದಿರುತ್ತಿತ್ತು. ಆಗ ಅದು ಬರೀ ಕಾಗದ, ಅಲ್ವಾ? 1994ರಲ್ಲಿ ರಸ್ತೆ ತಡೆದು ಅದೇ ಚೀಟಿ ನೋಡಿ ಕೊಂದರು.

ಮಗು ಮನೆಗೆ ಬಂದು ಮಂಕಾಗಿ ಕೂತರೆ ಬಲವಂತವಾಗಿ ಮಾತಾಡಿಸಬೇಡಿ, ಕ್ಲಾಸ್ ಟೀಚರ್‌ಗೆ ಒಂದು ಮಾತು ತಿಳಿಸಿ. ಈ ಪಾಠ ಬೇಡ ಅನಿಸಿದವರು ಪತ್ರ ಬರೆಯುವ ಮೊದಲು ಒಂದು ದಿನ ತರಗತಿಯಲ್ಲಿ ಬಂದು ಕೂರಿ. ಹಿಂದಿನ ಬೆಂಚು ಖಾಲಿ ಇರುತ್ತದೆ.

ನಿಮ್ಮ,
ಮುಖ್ಯ ಶಿಕ್ಷಕಿ