ವಾಯು ಗುಣಮಟ್ಟ ಸೂಚ್ಯಂಕದ ಜೊತೆ ಮಾಲಿನ್ಯಕಾರಕದ ಹೆಸರನ್ನೂ ಪ್ರಕಟಿಸಿ

ಮಾನ್ಯ ಸಂಪಾದಕರೇ,

ಹೊಗೆಮಂಜು ಕವಿದಾಗಲೆಲ್ಲ ವಾಹನದ ಹೊಗೆ, ಕಾರ್ಖಾನೆಯ ಚಿಮಣಿ ಎಂದು ಬರೆದು ಮುಗಿಸುವುದು ವಾಡಿಕೆ. ಆದರೆ ಬಿಸಿಲಿನ ದಿನಗಳ ಹೊಗೆಮಂಜಿನಲ್ಲಿ ಮುಖ್ಯವಾದ, ಉಸಿರಾಟಕ್ಕೆ ಹಾನಿಕರವಾದ ಓಝೋನ್ ಅನಿಲ ಯಾವ ಚಿಮಣಿಯಿಂದಲೂ ನೇರವಾಗಿ ಬರುವುದಿಲ್ಲ. ಅದು ಗಾಳಿಯಲ್ಲೇ ತಯಾರಾಗುತ್ತದೆ.

ಎಂಜಿನ್ನಿನ ಕಾವಿಗೆ ಗಾಳಿಯ ಸಾರಜನಕ, ಆಮ್ಲಜನಕ ಸೇರಿ ನೈಟ್ರಿಕ್ ಆಕ್ಸೈಡ್ ಹುಟ್ಟುತ್ತದೆ. ಹೊರಗೆ ಬಂದಮೇಲೆ ಅದು ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಸುಮಾರು 420 ನ್ಯಾನೋಮೀಟರ್‌ಗಿಂತ ಕಡಿಮೆ ತರಂಗಾಂತರದ ಬೆಳಕು ಇದನ್ನು ಒಡೆದಾಗ ಬಿಡುಗಡೆಯಾಗುವ ಆಮ್ಲಜನಕದ ಪರಮಾಣು, ಆಮ್ಲಜನಕದ ಅಣುವನ್ನು ಕೂಡಿಕೊಂಡು ಓಝೋನ್ ಆಗುತ್ತದೆ. ಉಳಿದ ನೈಟ್ರಿಕ್ ಆಕ್ಸೈಡ್ ಆ ಓಝೋನನ್ನೇ ತಿಂದುಹಾಕುವುದರಿಂದ ಲೆಕ್ಕ ಅಲ್ಲಿಗೆ ಚುಕ್ತಾ ಆಗಬೇಕು. ಆಗದಂತೆ ಮಾಡುವುದು ಪೆಟ್ರೋಲ್, ಥಿನ್ನರ್, ಬಣ್ಣಗಳ ಆವಿ. ಈ ಆವಿಯಿಂದ ಹುಟ್ಟುವ, ಬಹುಬೇಗ ಪ್ರತಿಕ್ರಿಯಿಸುವ ಪೆರಾಕ್ಸಿ ರ‍್ಯಾಡಿಕಲ್‌ಗಳು ನೈಟ್ರಿಕ್ ಆಕ್ಸೈಡನ್ನು ಮೊದಲೇ ಡೈಆಕ್ಸೈಡ್ ಮಾಡಿಬಿಡುತ್ತವೆ. ತಿನ್ನುವವರಿಲ್ಲದೆ ಓಝೋನ್ ಮಧ್ಯಾಹ್ನದ ಹೊತ್ತಿಗೆ ಏರಿ ನಿಲ್ಲುತ್ತದೆ.

ವಾಹನ ಕಿಕ್ಕಿರಿದ ರಸ್ತೆಯಂಚಿನಲ್ಲಿ ಓಝೋನ್ ಕಡಿಮೆ, ಗಾಳಿ ಸಾಗುವ ಕಡೆಯ ಹೊರವಲಯದಲ್ಲಿ ಹೆಚ್ಚು ಕಾಣುವುದೂ ನೈಟ್ರಿಕ್ ಆಕ್ಸೈಡ್ ಓಝೋನನ್ನು ತಿನ್ನುವುದರಿಂದಲೇ. ಸಿಗ್ನಲ್ ಪಕ್ಕದ ಮಾಪಕವೊಂದನ್ನೇ ನಂಬಿ ಓಝೋನ್ ಇಲ್ಲವೆನ್ನುವಂತಿಲ್ಲ. ನೈಟ್ರೋಜನ್ ಆಕ್ಸೈಡ್ (ಮೇಲೆ ಹೇಳಿದ ಎರಡೂ ಅನಿಲ) ವಿಪರೀತವಿರುವ ನಗರದಲ್ಲಿ ಅದನ್ನಷ್ಟೇ ಸ್ವಲ್ಪ ತಗ್ಗಿಸಿದರೆ ಓಝೋನ್ ಏರುವುದೂ ಉಂಟು. ವಾರಾಂತ್ಯದಲ್ಲಿ ಲಾರಿ ಓಡಾಟ ಇಳಿದಾಗ ಹಲವು ನಗರಗಳಲ್ಲಿ ಹೀಗಾಗಿದೆ. ಹಾಗೆಂದು ಲಾರಿಗಳನ್ನು ಬಿಟ್ಟುಬಿಡಿ ಎಂದಲ್ಲ; ಜೊತೆಗೇ ಆವಿಯನ್ನೂ ತಡೆಯಬೇಕು. ಬಂಕಿನ ನಾಝಲ್‌ನಲ್ಲೇ ಆವಿ ಹಿಂದಕ್ಕೆಳೆಯುವ ವ್ಯವಸ್ಥೆ ಬೇಕು, ಥಿನ್ನರ್ ಡಬ್ಬಿಯ ಮುಚ್ಚಳ ತೆರೆದಿಡಬಾರದು.

1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನಲ್ಲಿ ಸಾವಿರಾರು ಜನರನ್ನು ಬಲಿ ಪಡೆದದ್ದು ಬೇರೆಯೇ ಜಾತಿಯ ಹೊಗೆಮಂಜು. ಅಲ್ಲಿದ್ದದ್ದು ಕಲ್ಲಿದ್ದಲಿನ ಮಸಿ, ಗಂಧಕದ ಡೈಆಕ್ಸೈಡ್, ತೇವದ ಮಂಜು. ಮೇಲೆ ಬೆಚ್ಚನೆಯ ಗಾಳಿಯ ಪದರ ಕೂತು, ಕೆಳಗಿನ ತಣ್ಣನೆಯ ಗಾಳಿ ಮೇಲೇಳದಂತೆ ತಡೆದಿತ್ತು.

ಎರಡಕ್ಕೂ ಎಚ್ಚರಿಕೆ ಒಂದೇ ಅಲ್ಲ. ಓಝೋನ್ ದಿನವಾದರೆ ವ್ಯಾಯಾಮ ಬೆಳಗ್ಗೆಯೇ ಮುಗಿಯಲಿ. ಚಳಿಗಾಲದ ಕಣಗಳ ದಿನವಾದರೆ ಬೆಳಗ್ಗೆಯೇ ಹೊರಗೆ ಹೋಗಬಾರದು, ಬಿಸಿಲೇರಿ ನೆಲದ ಗಾಳಿ ಕದಡುವವರೆಗೆ ಕಾಯಬೇಕು. ಎನ್-95 ಮಾಸ್ಕ್ ಕಣಗಳನ್ನು ತಡೆಯುತ್ತದೆ. ಓಝೋನ್ ಅನಿಲವಾದ್ದರಿಂದ ಅದರ ಮೂಲಕ ನುಸುಳುತ್ತದೆ. ಬರೀ 'ಸೂಚ್ಯಂಕ 180' ಎಂದು ಓದಿದವರಿಗೆ ಇದರಲ್ಲಿ ಯಾವುದನ್ನು ಪಾಲಿಸಬೇಕೆಂದು ತಿಳಿಯುವುದಿಲ್ಲ. ಆ ಅಂಕಿಯ ಪಕ್ಕದಲ್ಲಿ ಓಝೋನೋ, ಪಿಎಂ 2.5ವೋ (ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣ) ಎಂದು ಒಂದು ಪದ ಅಚ್ಚು ಮಾಡಿ.

– ವಾಯು ಗುಣಮಟ್ಟ ಮಾಪನ ಕ್ಷೇತ್ರದ ಓದುಗರು