ಕಾದವರಿಗೆ, ಕೈ ಹಚ್ಚಿದವರಿಗೆ

ನನ್ನ ಲಾಂಗ್‌ಆರ್ಮ್ ಮಷೀನ್ ಮತ್ತೆ ಮೊದಲಿನ ಹಾಗೆ ಓಡುತ್ತಿದೆ. ಕ್ವಿಲ್ಟ್ ಅಂದರೆ ಕೌದಿಯ ಹಾಗೆ ಮೂರು ಪದರದ ಹೊದಿಕೆ. ಆ ಪದರಗಳನ್ನು ಸೇರಿಸಿ ಹೊಲಿಯುವ, ಅಂದರೆ ಕ್ವಿಲ್ಟಿಂಗ್ ಮಾಡುವ, ದೊಡ್ಡ ಮಷೀನ್ ಇದು. ಬೇರೆಯವರ ಕ್ವಿಲ್ಟ್‌ಗಳನ್ನು ಹೊಲಿದು ಕೊಡುವುದು ನನ್ನ ಕೆಲಸ. ಕಾದು ಕೂತಿದ್ದ, ಒಂದೊಂದಕ್ಕೂ ಬೇರೆ ಬೇರೆ ವಿನ್ಯಾಸ ಹಾಕುವ ಕಸ್ಟಮ್ ಕ್ವಿಲ್ಟ್‌ಗಳಲ್ಲಿ ಕೊನೆಯದು ಹೋದ ವಾರ ಅದರ ಒಡತಿಯ ಮನೆ ಸೇರಿತು. ಅದಕ್ಕೆ ಸ್ವಲ್ಪ ಮುಂಚೆ, ನಾನು ಕ್ವಿಲ್ಟಿಂಗ್ ಮಾಡಿಕೊಟ್ಟ ಒಂದು ಕ್ವಿಲ್ಟ್‌ಗೆ ಪ್ರದರ್ಶನದಲ್ಲಿ ಬಹುಮಾನದ ರಿಬ್ಬನ್ ಬಂತು. ಇವೆರಡರ ಹಿಂದೆಯೂ ಎಷ್ಟು ಜನರ ಕೈ ಇದೆ ಅಂತ ನನಗೆ ಗೊತ್ತು. ಅವರಿಗೆಲ್ಲ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದ್ದೇನೆ. ಆದರೂ ನಾಲ್ಕು ಜನರ ಮುಂದೆ ಹೇಳಬೇಕು ಅನ್ನಿಸುತ್ತಿದೆ.

ನನ್ನ ಬಲಭುಜ ಹಿಡಿದುಕೊಂಡಿತ್ತು. ಫ್ರೋಜನ್ ಶೋಲ್ಡರ್ ಅಂತಾರಲ್ಲ, ಅದು. ಮೊದಲು ನೋವು, ಆಮೇಲೆ ಬಿಗಿತ, ಕೊನೆಗೆ ತುಂಬಾ ನಿಧಾನವಾಗಿ ಸಡಿಲ. ಒಂದು ವರ್ಷಕ್ಕೆ ಮುಗಿಯಬಹುದು, ಮೂರು ವರ್ಷ ಎಳೆಯಲೂಬಹುದು. ತಲೆ ಬಾಚಿಕೊಳ್ಳಲು ಕೈ ಎತ್ತಲಾಗದಿದ್ದಾಗ ಲಾಂಗ್‌ಆರ್ಮ್ ಮುಂದೆ ನಿಲ್ಲುವ ಮಾತೆಲ್ಲಿ? ಮನೆಯ ಹೊಲಿಗೆ ಮಷೀನ್‌ನಲ್ಲಿ ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸುತ್ತೇವೆ. ಇಲ್ಲಿ ಹಾಗಲ್ಲ. ಹತ್ತು ಹನ್ನೆರಡು ಅಡಿ ಉದ್ದದ ಫ್ರೇಮಿನ ಮೇಲೆ ಕ್ವಿಲ್ಟ್ ನಿಂತಲ್ಲೇ ಇರುತ್ತದೆ. ಚಕ್ರಗಳ ಮೇಲೆ ಓಡಾಡುವುದು ಮಷೀನ್. ತಳ್ಳಲು ಹಗುರ, ನಿಜ. ಆದರೆ ಕಸ್ಟಮ್ ಕೆಲಸದಲ್ಲಿ ಗಂಟೆಗಟ್ಟಲೆ ನಿಂತು, ಒಂದು ಕೈಯಲ್ಲಿ ಕಾಲು ಇಂಚು ದಪ್ಪದ ಅಕ್ರಿಲಿಕ್ ರೂಲರ್ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮಷೀನನ್ನು ಅದರ ಅಂಚಿಗೆ ತಾಗಿಸಿಕೊಂಡೇ ಒಯ್ಯಬೇಕು. ಎರಡೂ ಭುಜ ಸರಿಯಾಗಿದ್ದರೆ ಮಾತ್ರ ಆಗುವ ಕೆಲಸ ಅದು.

ಮೊದಲ ಥ್ಯಾಂಕ್ಸ್ ನನ್ನ ಗ್ರಾಹಕರಿಗೆ. ಟಾಪ್, ಅಂದರೆ ಕ್ವಿಲ್ಟಿನ ಮೇಲಿನ ಪದರ, ತಂದು ಇನ್ನೊಬ್ಬರ ಕೈಗೆ ಕೊಡುವುದು ಸುಮ್ನೆ ಮಾತಲ್ಲ. ಚೂರು ಚೂರು ಬಟ್ಟೆ ಕತ್ತರಿಸಿ, ಮೂಲೆಗೆ ಮೂಲೆ ಕೂಡಿಸಿ, ಒಂದೊಂದು ಹೊಲಿಗೆಗೂ ಇಸ್ತ್ರಿ ಹಾಕಿ, ಕೆಲವರು ವರ್ಷಗಟ್ಟಲೆ ಕೂತು ಮಾಡಿರುತ್ತಾರೆ. ಅದರ ಮೇಲೆ ನನ್ನ ಸೂಜಿ ಓಡುತ್ತದೆ. ಇಂಚಿಗೆ ಹತ್ತು ಹನ್ನೆರಡು ಹೊಲಿಗೆ, ಮೂರು ಪದರವನ್ನೂ ಹಿಡಿದು. ಬೇಡ ಅನ್ನಿಸಿದರೆ ಒಂದೊಂದಾಗಿಯೇ ಬಿಚ್ಚಬೇಕು. ಹಾಕಲು ನಿಮಿಷ, ಬಿಚ್ಚಲು ಗಂಟೆ. ಕೆಲವು ಬಟ್ಟೆಗಳಲ್ಲಿ ಬಿಚ್ಚಿದ ಮೇಲೂ ಸೂಜಿ ತೂತಿನ ಗುರುತು ಉಳಿದುಬಿಡುತ್ತದೆ. ಇದೆಲ್ಲ ಗೊತ್ತಿದ್ದೂ ಟಾಪ್ ಮಡಚಿ ನನ್ನ ಕೈಗಿಟ್ಟು, "ನಿಮಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡಿ" ಅಂತ ಹೇಳಿ ಹೋಗುವವರಿದ್ದಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಎದೆ ತುಂಬುತ್ತದೆ.

ಭುಜ ಕೈಕೊಟ್ಟಾಗ ಎಲ್ಲರಿಗೂ ತಿಳಿಸಿದೆ. ಟಾಪ್ ವಾಪಸ್ ಕೊಡುತ್ತೇನೆ, ಮುಂಗಡವನ್ನೂ ಕೊಡುತ್ತೇನೆ, ಯಾವಾಗ ಶುರು ಮಾಡುತ್ತೇನೋ ಹೇಳಲಾರೆ ಅಂದೆ. ಕೆಲವರು ತೆಗೆದುಕೊಂಡು ಹೋದರು. ಹುಟ್ಟಲಿರುವ ಮಗುವಿಗೆ ಅಂತ ಮಾಡಿದ ಕ್ವಿಲ್ಟ್ ಎಷ್ಟು ದಿನ ಕಾದೀತು? ಅವರಿಗೂ ನನ್ನ ಕೃತಜ್ಞತೆ. ಹೋಗುವಾಗಲೂ, ಹೋದ ಮೇಲೂ, ಭುಜ ಹೇಗಿದೆ ಅಂತ ವಿಚಾರಿಸಿದರು. ಉಳಿದವರು "ಇರಲಿ ಬಿಡಿ, ಮೊದ್ಲು ಕೈ ನೋಡ್ಕೊಳ್ಳಿ" ಅಂದರು. ಇನ್ನೂ ಎಷ್ಟು ದಿನ ಅಂತ ಅವರಲ್ಲಿ ಒಬ್ಬರೂ ಕೇಳಲಿಲ್ಲ.

ಒಬ್ಬ ಅಕ್ಕನ ಬಗ್ಗೆ ಹೇಳಲೇಬೇಕು. ಕಾಯುವ ಹೊತ್ತಿನಲ್ಲಿ ತಮ್ಮ ಟಾಪನ್ನು ಮನೆಗೆ ಒಯ್ದರು. ಸುತ್ತಲಿನ ಬಾರ್ಡರ್ ಪೂರ್ತಿ ಬಿಚ್ಚಿದರು. ಟಾಪಿನ ನಡುವೆ ಅಳತೆ ಹಿಡಿದು, ಅಷ್ಟೇ ಉದ್ದಕ್ಕೆ ಪಟ್ಟಿ ಕತ್ತರಿಸಿ, ಮತ್ತೆ ಜೋಡಿಸಿ ತಂದರು. ನಾನು ಕೇಳಿರಲಿಲ್ಲ. ಅಳತೆ ಹಿಡಿಯದೆ, ಉದ್ದದ ಪಟ್ಟಿಯನ್ನು ಹಾಗೇ ಹೊಲಿಯುತ್ತಾ ಹೋಗಿ ತುದಿಯಲ್ಲಿ ಕತ್ತರಿಸಿದರೆ ಬಾರ್ಡರ್ ಅಲೆ ಅಲೆಯಾಗಿ ನಿಲ್ಲುತ್ತದೆ. ಫ್ರೇಮಿಗೆ ಹಾಕಿದಾಗ ಆ ಜಾಸ್ತಿ ಬಟ್ಟೆಗೆ ಹೋಗಲು ಜಾಗ ಇರುವುದಿಲ್ಲ, ನೆರಿಗೆ ಬೀಳುತ್ತದೆ. ಅದನ್ನು ಹೊಲಿಗೆಯಲ್ಲಿ ಅಡಗಿಸಲು ನನ್ನ ಭುಜ ಎಷ್ಟು ದುಡಿಯಬೇಕಾಗುತ್ತಿತ್ತು ಅಂತ ಅವರು ಮೊದಲೇ ಯೋಚಿಸಿದ್ದರು. ಬ್ಯಾಕಿಂಗ್, ಅಂದರೆ ಕೆಳಪದರದ ಬಟ್ಟೆಯನ್ನೂ ನಾಲ್ಕೂ ಕಡೆ ನಾಲ್ಕು ನಾಲ್ಕು ಇಂಚು ಜಾಸ್ತಿ ಬಿಟ್ಟು, ಅಂಚು ನೇರ ಮಾಡಿ ಕೊಟ್ಟರು. ಕ್ವಿಲ್ಟರ್‌ಗೆ ಇದಕ್ಕಿಂತ ದೊಡ್ಡ ಉಡುಗೊರೆ ಇಲ್ಲ ಅಂತಲೇ ನಾನು ನಂಬಿದ್ದೇನೆ. ಟಾಪ್ ಮಾಡುವ ಎಲ್ಲರಿಗೂ ಇದನ್ನು ಕೈಮುಗಿದು ಹೇಳುತ್ತೇನೆ, ಬಾರ್ಡರ್ ಅಳೆದು ಹಾಕಿ.

ಇನ್ನು ನನ್ನ ಗೆಳತಿ. ಅವಳದ್ದೂ ಲಾಂಗ್‌ಆರ್ಮ್ ಕೆಲಸವೇ, ನನ್ನಂತೆಯೇ ಗ್ರಾಹಕರನ್ನು ನಂಬಿ ಬದುಕುವವಳು. ನನ್ನ ಬಳಿ ಇದ್ದ ಪ್ಯಾಂಟೋಗ್ರಾಫ್ ಆರ್ಡರ್‌ಗಳನ್ನು ಅವಳು ತೆಗೆದುಕೊಂಡಳು. ಅವುಗಳಲ್ಲಿ ಮಷೀನಿನ ಹಿಂಬದಿ ನಿಂತು, ಕಾಗದದ ಮೇಲಿನ ಗೆರೆಯನ್ನು ಲೇಸರ್ ಚುಕ್ಕೆಯಿಂದ ಹಿಂಬಾಲಿಸುತ್ತಾ, ಕ್ವಿಲ್ಟ್ ತುಂಬ ಒಂದೇ ವಿನ್ಯಾಸ ಹಾಕುತ್ತಾರೆ. ತನ್ನ ಕೆಲಸ ಮುಗಿಸಿ, ರಾತ್ರಿ ನನ್ನದನ್ನು ಮಾಡಿದಳು. ಕ್ವಿಲ್ಟ್ ವಾಪಸ್ ಕಳಿಸುವಾಗ ಪೊಟ್ಟಣದೊಳಗೆ ನನ್ನ ಹೆಸರಿನ ಚೀಟಿಯನ್ನೇ ಇಟ್ಟಳು. ಒಬ್ಬ ಗ್ರಾಹಕರನ್ನೂ ತನ್ನ ಕಡೆ ಎಳೆದುಕೊಳ್ಳಲಿಲ್ಲ. ಕಸ್ಟಮ್ ಕ್ವಿಲ್ಟ್‌ಗಳನ್ನು ಮಾತ್ರ ಮುಟ್ಟಲಿಲ್ಲ. "ಅದು ಕೈಬರಹ ಇದ್ದ ಹಾಗೆ. ಅವರು ನಿನ್ನ ಅಕ್ಷರ ಕೇಳಿದ್ದಾರೆ, ನಾನು ಬರೆದು ಕೊಟ್ಟರೆ ಸರಿ ಹೋಗಲ್ಲ" ಅಂದಳು. ಇಂಥ ಗೆಳತಿ ಸಿಕ್ಕಿದ್ದು ನನ್ನ ಪುಣ್ಯ.

ಫಿಸಿಯೋಥೆರಪಿ ಮಾಡಿದ ಹುಡುಗಿ ಬರೀ ಕೈ ಎಳೆಸಿ ಕಳಿಸಲಿಲ್ಲ. ನಾನು ಕೆಲಸ ಮಾಡುವ ವಿಡಿಯೋ ತರಿಸಿಕೊಂಡು ನೋಡಿದಳು. ಫ್ರೇಮ್ ಎತ್ತರಿಸಲು ಹೇಳಿದಳು. ಮೊಣಕೈ ಲಂಬಕೋನದಲ್ಲಿ ಮಡಚಿ, ಭುಜ ಕಿವಿಯ ಕಡೆ ಏರದೆ ಕೆಳಗೇ ಉಳಿಯುವಷ್ಟು ಎತ್ತರ. ಇಪ್ಪತ್ತು ನಿಮಿಷಕ್ಕೊಮ್ಮೆ ಹಿಡಿಕೆ ಬಿಡು ಅಂದಳು. ಈಗಲೂ ಹಾಗೇ ಮಾಡುತ್ತಿದ್ದೇನೆ. ತಿಂಗಳುಗಟ್ಟಲೆ ನಿಂತಿದ್ದ ಮಷೀನನ್ನು ಬಂದು ನೋಡಿ, ಹುಕ್‌ಗೆ ಎಣ್ಣೆ ಬಿಟ್ಟು, ಟೈಮಿಂಗ್ ಸರಿ ಮಾಡಿಕೊಟ್ಟ ಮೆಕ್ಯಾನಿಕ್ ಅಣ್ಣನಿಗೂ ತುಂಬಾ ಥ್ಯಾಂಕ್ಸ್.

ಈಗ ರಿಬ್ಬನ್ ವಿಷಯ.

ಆ ಕ್ವಿಲ್ಟ್ ತೊಂಬತ್ತು ಇಂಚು ಚೌಕ. ಟಾಪ್ ಮಾಡಿದವರು ನನ್ನ ಹಳೆಯ ಗ್ರಾಹಕರು, ನನಗಿಂತ ಹಿರಿಯರು. ನಾನು ಅವರನ್ನು ಅಮ್ಮ ಅಂತಲೇ ಕರೆಯುವುದು. ಪ್ರದರ್ಶನಕ್ಕೆ ಕಳಿಸಬೇಕು ಅನ್ನುವುದು ಅವರ ಬಹುದಿನದ ಆಸೆ. ಆಗ ನನ್ನ ಭುಜ ಅರ್ಧ ಸಡಿಲವಾಗಿತ್ತು ಅಷ್ಟೇ. "ಈ ಸಲ ಬೇರೆಯವರಿಗೆ ಕೊಡಿ ಅಮ್ಮಾ" ಅಂದೆ. ಅವರು ಒಪ್ಪಲಿಲ್ಲ. "ನೀನು ಎಷ್ಟು ಆಗುತ್ತೋ ಅಷ್ಟು ಮಾಡು. ಮಿಕ್ಕಿದ್ದು ನಾನು ಪಕ್ಕದಲ್ಲಿ ಕೂತು ಮಾಡ್ತೀನಿ" ಅಂದರು.

ನಡುವಿನ ಪದರಕ್ಕೆ ಕೆಳಗೆ ಹತ್ತಿಯ ಬ್ಯಾಟಿಂಗ್, ಅದರ ಮೇಲೆ ಉಣ್ಣೆಯದು. ಉಣ್ಣೆ ಉಬ್ಬಿ ನಿಲ್ಲುತ್ತದೆ, ಮಡಚಿದ ಗೆರೆಯೂ ಅದರಲ್ಲಿ ಬೇಗ ಮಾಯವಾಗುತ್ತದೆ. ಪ್ರದರ್ಶನಕ್ಕೆ ಪೆಟ್ಟಿಗೆಯಲ್ಲಿ ಹೋಗಿ ಬರುವ ಕ್ವಿಲ್ಟ್‌ಗೆ ಅದು ಮುಖ್ಯ. ಮೊದಲು ಜೋಡಣೆಯ ಗೆರೆಗಳ ಮೇಲೆಯೇ ತೆಳು ನೂಲಿನಲ್ಲಿ ಹೊಲಿದು ಇಡೀ ಕ್ವಿಲ್ಟನ್ನು ಅಲ್ಲಾಡದಂತೆ ಹಿಡಿಸಿದೆ. ಡಿಚ್ ಹೊಲಿಗೆ ಅಂತಾರೆ. ದೂರದಿಂದ ನೋಡಿದವರಿಗೆ ಅದು ಕಾಣುವುದೇ ಇಲ್ಲ. ತೀರ್ಪುಗಾರರಿಗೆ ಮಾತ್ರ ಕಾಣುತ್ತದೆ, ಗೆರೆ ಬಿಟ್ಟು ಒಂದು ನೂಲಿನಷ್ಟು ಆಚೆ ಹೋದರೂ. ಆಮೇಲೆ ಬಾರ್ಡರಿನಲ್ಲಿ ಹಕ್ಕಿಗರಿಯಂಥ ವಿನ್ಯಾಸ, ಅಂದರೆ ಫೆದರ್‌ಗಳು. ಕೊನೆಗೆ ಫೆದರ್‌ಗಳ ಸುತ್ತ ಒತ್ತಾದ ಸಣ್ಣ ಹೊಲಿಗೆ. ಸುತ್ತಲಿನ ಜಾಗ ಒತ್ತಿಕೊಂಡಾಗ ಫೆದರ್ ತಾನಾಗಿ ಮೇಲೇಳುತ್ತದೆ. ಒತ್ತು ಎಲ್ಲ ಕಡೆ ಒಂದೇ ಥರ ಇರಬೇಕು. ನಡುವೆ ಜಾಸ್ತಿ, ಅಂಚಿನಲ್ಲಿ ಕಡಿಮೆ ಆದರೆ ನಡುವಿನ ಭಾಗ ಕುಗ್ಗಿ ಅಂಚು ಜೋಲುತ್ತದೆ, ನೇತುಹಾಕಿದಾಗ ನೆಟ್ಟಗೆ ನಿಲ್ಲುವುದಿಲ್ಲ.

ನಾನು ಹೊಲಿಯುತ್ತಿದ್ದೆ, ಕೈ ನೋಯುವ ಮುಂಚೆ ನಿಲ್ಲಿಸುತ್ತಿದ್ದೆ. ಅಮ್ಮ ಕುರ್ಚಿ ಎಳೆದುಕೊಂಡು ನೂಲಿನ ತುದಿಗಳನ್ನು ಹೂಳುತ್ತಿದ್ದರು. ಹೊಲಿಗೆ ಶುರುವಾದಲ್ಲಿ, ನಿಂತಲ್ಲಿ ಎರಡು ತುದಿ ಉಳಿಯುತ್ತವೆ. ಅವನ್ನು ಗಂಟು ಹಾಕಿ, ಸೂಜಿಗೆ ಪೋಣಿಸಿ, ಪದರಗಳ ನಡುವೆ ಎಳೆದು ಅಡಗಿಸಬೇಕು. ಇಷ್ಟು ದೊಡ್ಡ ಕ್ವಿಲ್ಟ್‌ನಲ್ಲಿ ಅವು ನೂರಾರು. ಈ ಕೆಲಸಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ನಾನು ಇಲ್ಲಿ ತಟ್ಟುತ್ತಿದ್ದೇನೆ. ವಿನ್ಯಾಸಕ್ಕೆ ಅಂತ ಹಾಕಿಕೊಂಡಿದ್ದ ನೀಲಿ ಪೆನ್ನಿನ ಗುರುತುಗಳನ್ನು ತಣ್ಣೀರಿನಲ್ಲಿ ತೊಳೆದು ತೆಗೆದವರೂ ಅವರೇ. ಆಮೇಲೆ ಒದ್ದೆ ಕ್ವಿಲ್ಟನ್ನು ನೆಲಕ್ಕೆ ಹಾಸಿ, ಲೇಸರ್ ಬೆಳಕಿನ ಗೆರೆ ಹಾಯಿಸಿ ಮೂಲೆಗಳನ್ನು ಚೌಕಕ್ಕೆ ತಂದು, ಪಿನ್ ಚುಚ್ಚಿ, ಫ್ಯಾನ್ ಹಾಕಿ ಒಣಗಿಸಿದೆವು. ಅಂದು ಮಂಡಿಯೂರಿ ನೆಲದ ತುಂಬ ಓಡಾಡಿದವರು ನನ್ನ ಗಂಡ ಮತ್ತು ಮಗ. ನನ್ನ ಕೈಯಲ್ಲಿ ಒಂದು ಪಿನ್ ಕೂಡ ಚುಚ್ಚಿಸಲಿಲ್ಲ.

ಪ್ರವೇಶ ಅರ್ಜಿಯಲ್ಲಿ ಅಮ್ಮ ಇಬ್ಬರ ಹೆಸರನ್ನೂ ಬರೆದರು. ಟಾಪ್ ಮಾಡಿದವರು ಒಬ್ಬರು, ಕ್ವಿಲ್ಟಿಂಗ್ ಮಾಡಿದವರು ಇನ್ನೊಬ್ಬರು. ಹಿಂಬದಿಯ ಲೇಬಲ್‌ನಲ್ಲೂ ಹಾಗೇ ಬರೆದರು. ಕೂಲಿಗೆ ಹೊಲಿದು ಕೊಡುವವರ ಹೆಸರು ಎಲ್ಲೂ ಬರದೇ ಹೋಗುವುದು ಇವತ್ತಿಗೂ ಇದೆ. ಅವರು ಬರೆದದ್ದು ನನಗೆ ರಿಬ್ಬನ್‌ಗಿಂತ ದೊಡ್ಡದು. ತೀರ್ಪುಗಾರರ ಚೀಟಿಯಲ್ಲಿ ಹೊಲಿಗೆಯ ಒತ್ತು ಎಲ್ಲೆಡೆ ಸಮನಾಗಿದೆ ಅಂತ ಬಂದಿತ್ತು. ಶುರು ಮತ್ತು ಕೊನೆ ಎಲ್ಲೂ ಕಾಣುವುದಿಲ್ಲ ಅಂತಲೂ ಇತ್ತು. ಆ ಎರಡನೇ ಸಾಲು ಪೂರ್ತಿ ಅಮ್ಮನದು. ಪ್ರತಿ ಕ್ವಿಲ್ಟ್‌ನ ಮುಂದೆ ನಿಂತು ಹೀಗೆ ಬರೆದು ಕೊಡುವ ತೀರ್ಪುಗಾರರಿಗೂ, ಬಿಳಿ ಗ್ಲೌಸ್ ಹಾಕಿಕೊಂಡು ದಿನವಿಡೀ ನಿಂತು ನಮ್ಮ ಕ್ವಿಲ್ಟ್‌ಗಳನ್ನು ಕಾಪಾಡುವ ಸ್ವಯಂಸೇವಕರಿಗೂ ವಂದನೆ.

ನಾನು ಯಾವತ್ತೂ ಭೇಟಿಯಾಗದ ಒಬ್ಬರನ್ನೂ ನೆನೆಯಬೇಕು. ಒಂದು ಕಾಲಕ್ಕೆ ದೊಡ್ಡ ಬಹುಮಾನಗಳೆಲ್ಲ ಕೈಹೊಲಿಗೆಯ ಕ್ವಿಲ್ಟ್‌ಗಳಿಗೇ ಹೋಗುತ್ತಿದ್ದವು. ಮಷೀನ್ ಹೊಲಿಗೆ ಅಂದರೆ ಸುಲಭದ ದಾರಿ ಅನ್ನುವ ಭಾವನೆ ಇತ್ತು. 1989ರಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಪಡೂಕಾದಲ್ಲಿ, ಅಮೆರಿಕನ್ ಕ್ವಿಲ್ಟರ್ಸ್ ಸೊಸೈಟಿಯ ಪ್ರದರ್ಶನದಲ್ಲಿ, ಕ್ಯಾರಿಲ್ ಬ್ರೈಯರ್ ಫಾಲರ್ಟ್ ಅವರ ಮಷೀನ್ ಹೊಲಿಗೆಯ ಕ್ವಿಲ್ಟ್‌ಗೆ ಅತ್ಯುತ್ತಮ ಕ್ವಿಲ್ಟ್ ಬಹುಮಾನ ಬಂತು. ಅಲ್ಲಿ ಮಷೀನ್ ಹೊಲಿಗೆಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಈಗ ಬಹಳಷ್ಟು ಪ್ರದರ್ಶನಗಳಲ್ಲಿ ನಮ್ಮಂಥವರಿಗೆ ಬೇರೆ ವಿಭಾಗವೇ ಇದೆ. "ಎಲ್ಲಾ ಮಷೀನೇ ಮಾಡುತ್ತೆ ಅಲ್ವಾ?" ಅಂತ ಇಂದಿಗೂ ಕೇಳುವವರಿದ್ದಾರೆ. ಸ್ಟಿಚ್ ರೆಗ್ಯುಲೇಟರ್ ಹೊಲಿಗೆಯ ಉದ್ದವನ್ನು ಸಮ ಇಡುತ್ತದೆ. ಎಲ್ಲಿಗೆ ಹೋಗಬೇಕು, ಎಲ್ಲಿ ತಿರುಗಬೇಕು, ಎಲ್ಲಿ ಬಟ್ಟೆಯನ್ನು ಖಾಲಿ ಬಿಡಬೇಕು ಅನ್ನುವುದನ್ನು ಕೈ ಮತ್ತು ಕಣ್ಣು ತೀರ್ಮಾನಿಸುತ್ತವೆ. ಕೈ ಸೋತಿದ್ದ ದಿನಗಳಲ್ಲಿ ನನಗೆ ಇದು ಇನ್ನೂ ಚೆನ್ನಾಗಿ ಅರ್ಥವಾಯಿತು.

ಹೊಸದಾಗಿ ಟಾಪ್ ತರುವವರಲ್ಲಿ ಒಂದು ಕೋರಿಕೆ. ಇನ್ನು ಮೇಲೆ ದೊಡ್ಡ ಕಸ್ಟಮ್ ಕೆಲಸ ಒಂದು ಹೊತ್ತಿಗೆ ಒಂದೇ. ಸಾಲು ನಿಧಾನವಾಗಿ ಸರಿಯುತ್ತದೆ. ಆ ಸಾಲಿನ ಮೊದಲ ಜಾಗಗಳನ್ನು ನನಗಾಗಿ ಕಾದವರ ಮುಂದಿನ ಕ್ವಿಲ್ಟ್‌ಗಳಿಗೆ ಎತ್ತಿಟ್ಟಿದ್ದೇನೆ. ಬೇಗ ಬೇಕಾದ ಪ್ಯಾಂಟೋಗ್ರಾಫ್ ಕೆಲಸ ಇದ್ದರೆ ನನ್ನ ಗೆಳತಿಯ ಹತ್ತಿರ ಕಳಿಸಿಕೊಡುತ್ತೇನೆ. ಅವಳ ಚೀಟಿ ಈಗ ನನ್ನ ಮೇಜಿನ ಮೇಲಿದೆ.