ಮುಂಜಾನೆ ತನಕ ಕೂತ ಚಾಚಾಗೆ, ಮತ್ತೆ ನಿಮಗೆಲ್ಲ

ಎಲ್ಲರಿಗೂ ಶರಣು. ಸಂಘದ ಸಾಲದ ಕೊನೆಯ ಕಂತು ಮೊನ್ನೆ ಕಟ್ಟಿದೆ. ಬಾಕಿ ಸೊನ್ನೆ ಅಂತ ಕಣ್ಣಾರೆ ನೋಡಿದ ಮೇಲೇ ಇದನ್ನು ಬರೆಯಬೇಕು ಅಂದುಕೊಂಡಿದ್ದೆ. ಮಹಡಿ ಕೋಣೆಯಲ್ಲಿ ರ‍್ಯಾಕು, ಲೈಟು ಹಾಕಿ ಮಾರಲು ಬೆಳೆಸಿದ್ದ ನಮ್ಮ ಎಲೆಗಿಡಗಳು ಮೇ ತಿಂಗಳಲ್ಲಿ ಒಮ್ಮೆಲೇ ಬಾಡಿ, ಮದುವೆ ಮನೆಗೆ ಗಿಡ ಕೊಡೋ ಆರ್ಡರ್ ಕೈತಪ್ಪುವುದರಲ್ಲಿತ್ತು ಅನ್ನೋದು ನಿಮಗೆ ಗೊತ್ತೇ ಇದೆ. ಅರ್ಧ ಜನ ಬಂದು ನೋಡಿದ್ದೀರಿ. ಇನ್ನರ್ಧ ಜನ ಫೋನಿನಲ್ಲೇ ಔಷಧಿ ಹೇಳಿದ್ದೀರಿ. ಆ ಕಥೆ ಮತ್ತೆ ಬೇಡ.

ಫೋನಿನ ವೈದ್ಯರಿಗೆ ಮೊದಲು ಹೇಳಿಬಿಡುತ್ತೇನೆ. ಹುಳಿ ಮಜ್ಜಿಗೆ, ಬೇವಿನೆಣ್ಣೆ, ಎಪ್ಸಮ್ ಉಪ್ಪು, ಡಿಎಪಿ ಗೊಬ್ಬರ, ದೃಷ್ಟಿಗೆ ನಿಂಬೆಹಣ್ಣು ಎಲ್ಲವನ್ನೂ ಪ್ರೀತಿಯಿಂದಲೇ ಹೇಳಿದಿರಿ, ಥ್ಯಾಂಕ್ಸ್. ನಿಂಬೆಹಣ್ಣನ್ನಂತೂ ಅವ್ವ ನನಗೆ ಹೇಳದೇ ಬಾಗಿಲಿಗೆ ಕಟ್ಟಿಬಿಟ್ಟಿದ್ದಳು.

ಇನ್ನು ಚಾಚಾ. ಇದು ಸ್ವಲ್ಪ ಉದ್ದ ಆಗುತ್ತದೆ.

ಅವರು ನಮ್ಮ ಹಿಂದಿನ ಗಲ್ಲಿಯವರು. ಜೀವಮಾನವಿಡೀ ನರ್ಸರಿಗಳಲ್ಲಿ ಮಾಲಿ ಕೆಲಸ ಮಾಡಿದವರು. ಈಗ ಮೊಣಕಾಲು ನೋವು, ಮನೆಯಲ್ಲೇ ಇರುತ್ತಾರೆ. ಅವತ್ತು ಸಂಜೆ ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಂದವರೇ ಅವ್ವನ ಕೈಯಲ್ಲಿದ್ದ ನೀರಿನ ತಂಬಿಗೆ ಇಸಿದುಕೊಂಡು ಕೆಳಗಿಟ್ಟರು. ಆಮೇಲೆ ಒಂದೊಂದೇ ಕುಂಡ ಎತ್ತಿ ತೂಕ ನೋಡಿದರು. ಎಲೆ ಜೋತು ಬಿದ್ದಿದೆ, ಕುಂಡ ಮಾತ್ರ ಭಾರ. "ನೀರ ಅದ. ಕುಡಿಲಾಕ ಆಗವಲ್ದು" ಅಂದರು.

ಒಂದು ಸಿಂಗೋನಿಯಂ ಎಲೆಗಿಡದ ದಂಟನ್ನು ಬುಡದಲ್ಲಿ ಉದ್ದಕ್ಕೆ ಸೀಳಿ ಬೆಳಕಿಗೆ ಹಿಡಿದರು. ತೊಗರಿ ಬೆಳೆಯೋ ಕಲಬುರಗಿಯಲ್ಲಿ ಇದು ಯಾರಿಗೆ ಗೊತ್ತಿಲ್ಲ ಹೇಳಿ? ನೆಟೆ ರೋಗ ಹತ್ತಿದ ತೊಗರಿ ಕಾಂಡ ಸೀಳಿದರೆ ಒಳಗೆ ಕಂದು, ಕಪ್ಪು ಗೆರೆ ಕಾಣುತ್ತದೆ. ಮಣ್ಣಿನ ಶಿಲೀಂಧ್ರ ಬೇರಿನಿಂದ ಒಳಹೊಕ್ಕು ನೀರು ಏರುವ ದಾರಿಯನ್ನೇ ಮುಚ್ಚಿರುತ್ತದೆ. ನಮ್ಮ ದಂಟಿನ ಒಳಗೆ ಆ ಗೆರೆ ಇರಲಿಲ್ಲ. ಬೇರಿಗೆ ಕೊಳೆತ ವಾಸನೆ ಇಲ್ಲ, ಲೋಳೆಯೂ ಇಲ್ಲ. ತುದಿ ಮಾತ್ರ ಕಂದಾಗಿತ್ತು. ಎಲೆಯ ಅಂಚು ಸುಟ್ಟಿತ್ತು.

ಆಮೇಲೆ ಚಾಚಾ ಸೀಮೆಸುಣ್ಣ ಕೇಳಿದರು. ರ‍್ಯಾಕಿನ ಪ್ರತಿ ಸಾಲಿನಲ್ಲೂ ಕೆಲವು ಗಿಡ ಆರಿಸಿ, ಎಲೆಯ ತುದಿ ಎಲ್ಲಿದೆಯೋ ಅಲ್ಲಿಗೆ ಸರಿಯಾಗಿ ಹಿಂದಿನ ಗೋಡೆ ಮೇಲೆ ಗೆರೆ ಹಾಕಿದರು. ಲೈಟು ಆರಿಸಿದರು. "ಸೆಕಿಗೆ ಬಾಡಿದ್ದು ರಾತ್ರಿ ಏಳ್ತದ. ಬೇರ್ ಕೆಟ್ಟಿದ್ದು ಏಳಂಗಿಲ್ಲ. ಮುಂಜಾನಿ ತನಕ ನೋಡೋಣ, ಬೇಟಿ."

ಅವರು ಮನೆಗೆ ಹೋಗಿ ಬೆಳಿಗ್ಗೆ ಬರುತ್ತಾರೆ ಅಂದುಕೊಂಡಿದ್ದೆ. ಹೋಗಲಿಲ್ಲ. ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಬಾಗಿಲ ಹತ್ತಿರ ಕೂತರು. ಕರೆಂಟ್ ಹೋಯಿತು. ನಮ್ಮೂರ ಮೇ ತಿಂಗಳ ಸ್ಲ್ಯಾಬು ನಿಮಗೆ ಗೊತ್ತು, ನಡುರಾತ್ರಿಯಲ್ಲೂ ಕೈ ಇಡೋಕಾಗಲ್ಲ. ಅವ್ವ ಚಹಾ ತಂದಳು, ಬೀಸಣಿಗೆ ತಂದಳು, ಕೊನೆಗೆ ತಾನೂ ಅಲ್ಲೇ ಮಲಗಿಬಿಟ್ಟಳು.

ಆ ರಾತ್ರಿ ನಾನು ಅತ್ತಿದ್ದು ಗಿಡಗಳಿಗೆ ಅಂತ ಕೆಲವರು ತಿಳಿದಿದ್ದೀರಿ. ಅಲ್ಲ. ನನ್ನ ಸಾಲದ ಕಾಗದದ ಮೇಲೆ ಸಂಘದ ಅಷ್ಟೂ ಹೆಂಗಸರ ಸಹಿ ಇತ್ತು. ಕೆಲವರದ್ದು ಹೆಬ್ಬೆಟ್ಟು. ನಾನು ಕಂತು ತಪ್ಪಿಸಿದರೆ ಅವರು ತುಂಬಬೇಕು. ಅವರಲ್ಲಿ ಒಬ್ಬರು ಕೂಲಿ ಹೋಗುತ್ತಾರೆ, ಒಬ್ಬರು ಜೋಳದ ರೊಟ್ಟಿ ಬಡಿದು ಮಾರುತ್ತಾರೆ. ಅವರ ಮುಂದೆ ಹೋಗಿ ನನ್ನ ಗಿಡ ಬಾಡಿದವು ಅಂತ ಯಾವ ಬಾಯಿಂದ ಹೇಳಲಿ? ಎಲ್ಲ ಬಿಟ್ಟು ಎಲ್ಲಾದರೂ ಹೋಗಿಬಿಡಬೇಕು ಅನ್ನಿಸಿತ್ತು. ಇದನ್ನು ಇವತ್ತಿನ ತನಕ ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಚಾಚಾ ಸಮಾಧಾನ ಹೇಳಲಿಲ್ಲ. ಎಲ್ಲ ಸರಿ ಹೋಗುತ್ತದೆ ಅಂತಲೂ ಅನ್ನಲಿಲ್ಲ. "ಹೋಗೋವು ಹೋಗ್ತಾವ. ಉಳದಾವ ಎಷ್ಟು ಅಂತ ಮುಂಜಾನಿ ಎಣಿಸೋಣ" ಅಂದರು. ಅಷ್ಟೇ. ಸ್ವಲ್ಪ ಹೊತ್ತಾದ ಮೇಲೆ ಟಾರ್ಚ್ ಹಿಡಿದು ಗೆರೆ ನೋಡಲು ಎದ್ದರು, ಮೊಣಕಾಲು ಹಿಡಿದುಕೊಂಡೇ.

ಬೆಳಗಾದಾಗ ಮೇಲಿನ ಸಾಲಿನ ಎಲೆಗಳು ಗೆರೆ ದಾಟಿ ಎದ್ದಿದ್ದವು. ಕೆಳಗಿನ ಸಾಲುಗಳು ಇದ್ದಲ್ಲೇ ಇದ್ದವು, ಕೆಲವು ಇನ್ನೂ ಇಳಿದಿದ್ದವು. "ಇದು ಒಂದ್ ಬ್ಯಾನಿ ಅಲ್ಲ. ಎರಡ ಅವ" ಅಂದರು ಚಾಚಾ. ಅಲ್ಲಿಯ ತನಕ ನಾವೆಲ್ಲ ಒಂದೇ ರೋಗ, ಒಂದೇ ಔಷಧಿ ಅಂತ ಹುಡುಕುತ್ತಿದ್ದೆವು ಅಲ್ವಾ? ಮೇಲಿನವಕ್ಕೆ ಸ್ಲ್ಯಾಬಿನ ಕಾವು ಮತ್ತು ಲೈಟಿನ ಕಾವು. ಕೆಳಗಿನವೆಲ್ಲ ಹೊಸ ಲೋಡಿನ ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್‌ನಲ್ಲಿ ನೆಟ್ಟವು. ಚಾಚಾ ಆ ಚೀಲದ ಪುಡಿ ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿ ಉಗುಳಿದರು. ಉಪ್ಪು. ತೆಂಗಿನ ಸಿಪ್ಪೆಯನ್ನು ಉಪ್ಪುನೀರಿನಲ್ಲಿ ನೆನೆಹಾಕಿ, ಆಮೇಲೆ ಸರಿಯಾಗಿ ತೊಳೆಯದೆ ಮಾರಿದರೆ ಹೀಗಾಗುತ್ತದೆ. ಸುತ್ತ ಉಪ್ಪು ಜಾಸ್ತಿ ಇದ್ದರೆ ಬೇರಿಗೆ ನೀರು ಎಳೆಯೋಕೆ ಆಗಲ್ಲ. ಕುಂಡ ಒದ್ದೆ ಇದ್ದರೂ ಗಿಡಕ್ಕೆ ಬಾಯಾರಿಕೆ. ಅದರ ಮೇಲೆ ನಮ್ಮದು ಸುಣ್ಣದ ಕಲ್ಲಿನ ಸೀಮೆಯ ಗಡಸು ಬೋರ್ ನೀರು, ಕುಂಡದ ಅಂಚಿಗೆಲ್ಲ ಬಿಳಿ ಪೊರೆ.

ಆಳಂದ ರಸ್ತೆಯ ಕೃಷಿ ವಿಜ್ಞಾನ ಕೇಂದ್ರದವರು ನೀರಿನ ಉಪ್ಪಿನಂಶ ಅಳೆಯೋ ಇಸಿ ಮೀಟರ್ (dS/m ಲೆಕ್ಕ) ಇಟ್ಟು ಚಾಚಾ ಮಾತನ್ನೇ ಖಚಿತ ಮಾಡಿದರು. ಬೋರ್ ನೀರಿಗೆ 1.4 ಬಂದರೆ, ಕುಂಡದ ಅಡಿಯಿಂದ ಇಳಿದ ನೀರಿಗೆ 5 ದಾಟಿತ್ತು. ಇಂಥ ಎಲೆಗಿಡಗಳಿಗೆ 2 ದಾಟಿದರೇ ಕಷ್ಟ. ಬೇಸರಿಸದೆ ಎಲ್ಲವನ್ನೂ ಬಿಡಿಸಿ ಹೇಳಿದ ಅವರಿಗೆ, ಶುದ್ಧ ನೀರಿನ ಕ್ಯಾನುಗಳನ್ನು ಮಹಡಿಗೆ ಹೊತ್ತ ಗಲ್ಲಿಯ ಹುಡುಗರಿಗೆ, ಕುಂಡದ ಉಪ್ಪು ಇಳಿಯೋ ತನಕ ನನ್ನ ಜೊತೆ ನೀರು ಹಾಯಿಸಿದ ವೈನಿಗೆ, ಮಾಳಿಗೆ ಮೇಲೆ ಹಸಿರು ನೆರಳು ಪರದೆ ಕಟ್ಟಿ ಲೈಟುಗಳನ್ನು ಎತ್ತರಿಸಿದ ತಮ್ಮನಿಗೆ, ಉಳಿದಷ್ಟೇ ಗಿಡ ತೆಗೆದುಕೊಂಡು ಮುಂಗಡ ವಾಪಸ್ ಕೇಳದ ಮದುವೆ ಮನೆಯವರಿಗೆ ಋಣಿ.

ಸುಟ್ಟ ಎಲೆಗಳು ಮತ್ತೆ ಹಸಿರಾಗಲಿಲ್ಲ. ಪೀಸ್ ಲಿಲಿಗಳು ಜಾಸ್ತಿ ಹೋದವು. ಮನಿ ಪ್ಲಾಂಟ್ ಮಾತ್ರ ಹಟಮಾರಿ, ಹೊಸ ಎಲೆ ಬಿಟ್ಟಿತು. ಸಿಂಗೋನಿಯಂ ನಿಧಾನಕ್ಕೆ ಹಿಂದೆ ಬಂತು.

ಚಾಚಾಗೆ ದುಡ್ಡು ಕೊಡಲು ಹೋದರೆ ಬೈದರು. ಮೊಮ್ಮಕ್ಕಳಿಗೆ ಅಂತ ಮಾಲ್ಪುರಿ ಕೊಟ್ಟೆ, ಅದನ್ನು ತೆಗೆದುಕೊಂಡರು. ಮೊಮ್ಮಕ್ಕಳಿಗೆ ಎಷ್ಟು ಸಿಕ್ಕಿತೋ ಗೊತ್ತಿಲ್ಲ, ಸಕ್ಕರೆ ಕಾಯಿಲೆ ಇದ್ದೂ ಅವರ ಗಡ್ಡದಲ್ಲಿ ಪಾಕ ಇತ್ತು. ಚಾಚಿ, ಇದನ್ನು ಯಾರಾದರೂ ನಿಮಗೆ ಓದಿ ಹೇಳಿದರೆ ಈ ಸಾಲು ಬಿಟ್ಟುಬಿಡಲಿ.

ಈಗ ಅವರು ಭಾನುವಾರ ಮುಂಜಾನೆ ನಮ್ಮ ಮನೆ ಕೆಳಗೇ ಕೂಡುತ್ತಾರೆ, ಮೆಟ್ಟಿಲು ಹತ್ತಿಸೋದಿಲ್ಲ. ನಿಮ್ಮ ಮನೆಯ ಯಾವುದಾದರೂ ಗಿಡ ಬಾಡಿದ್ದರೆ ಕುಂಡ ಸಮೇತ ತನ್ನಿ. ಫೋಟೋ ತೋರಿಸಬೇಡಿ, ಅವರು ಫೋಟೋ ನೋಡೋದೇ ಇಲ್ಲ. ಬರೋ ಹಿಂದಿನ ದಿನ ನೀರು ಹಾಕಿದ್ದೀರೋ ಇಲ್ಲವೋ ನೆನಪಿಟ್ಟುಕೊಂಡು ಬನ್ನಿ, ಮೊದಲು ಕೇಳೋದು ಅದನ್ನೇ.